ಡಿಆರ್ ಟಿಬಿ ವಾರ್ಡಿನ ಸಿಬ್ಬಂದಿಯನ್ನ ಮಂದಿ ದೂರ ಇಡ್ತಾರ. ಎಲ್ಲಿಂದ ಸರಿ ಮಾಡ್ಬೇಕು?

ನರ್ಸಿಂಗ್_ಹಾವೇರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಔಷಧಕ್ಕ ಬಗ್ಗದ ಟಿಬಿ (ಡಿಆರ್ ಟಿಬಿ), ಅಂದ್ರ ಎಂಡಿಆರ್ (ಟಿಬಿಯ ಎರಡು ಮುಖ್ಯ ಔಷಧಕ್ಕೂ ಬಗ್ಗದ್ದು), ಪ್ರೀ-ಎಕ್ಸ್‌ಡಿಆರ್ (ಅದಕ್ಕಿಂತ ಹೆಚ್ಚು ಔಷಧಕ್ಕ ಬಗ್ಗದ್ದು) ರೋಗಿಗಳನ್ನ ನೋಡಿಕೊಳ್ಳೋ ಸಿಬ್ಬಂದಿ ಬಗ್ಗೆ ಕೇಳಬೇಕಾಗಿತ್ತು. ನಮ್ಮ ಜಿಲ್ಲಾದಾಗ ಈ ವಾರ್ಡಿನ ಸ್ಟಾಫ್ ನರ್ಸ್, ಹೊರಗುತ್ತಿಗೆ ಅಟೆಂಡರ್‌ಗಳ ಪರಿಸ್ಥಿತಿ ಬಾಳ ಕೆಟ್ಟೈತಿ.

ಯಾವ ವಾರ್ಡು ಅಂತ ಗೊತ್ತಾದ ಕೂಡಲೆ ಬಾಡಿಗಿ ಮನಿ ಮಾಲಕರು ಖಾಲಿ ಮಾಡ್ರಿ ಅಂತಾರ. ಆಸ್ಪತ್ರಿ ಒಳಗ ಬ್ಯಾರೆ ವಾರ್ಡಿನವರು ಇವರನ್ನ ಚಹಾಕ್ಕ ಕರಿಯೂದಿಲ್ಲ, ಇವರ ಸಲುವಾಗಿ ಬ್ಯಾರೆ ಗ್ಲಾಸು ತಗದಿಟ್ಟಾರ. ಇಲ್ಲಿ ಡ್ಯೂಟಿ ಹಾಕಿದ್ರ ಶಿಕ್ಷೆ ಅಂತನ ಎಲ್ಲರೂ ತಿಳಕೊಂಡಾರ. ಒಬ್ಬ ಅಟೆಂಡರಿಗೆ ಮೂರು ವಾರದಿಂದ ಕೆಮ್ಮು. ಕಫ ಪರೀಕ್ಷೆ ಮಾಡಿಸ್ರಿ ಅಂದ್ರ ಒಲ್ಲೆ ಅಂತಾರ. ಪಾಸಿಟಿವ್ ಬಂದ್ರ ಕೆಲಸ ಹೋಗತೈತಿ, ಮಗಳ ಲಗ್ನ ಮುರೀತೈತಿ ಅನ್ನೋ ಹೆದರಿಕಿ.

ಪೋಸ್ಟರ್ ಹಚ್ಚಿದ್ದಾತು, ಮಾರ್ಚ್ 24ರ ಜಾಥಾನೂ ಆತು. ಏನೂ ಬದಲಾಗಿಲ್ಲ. ಮನಿಯವರಿಗೆ, ಮಾಲಕರಿಗೆ ಖರೇವಂದ್ರ ಏನು ಹೇಳಬೇಕು? ವಾರ್ಡಿನಾಗ ಏನು ಬದಲಾಯಿಸಬೇಕು? ಕೆಮ್ಮು ಇರೋ ಸಿಬ್ಬಂದಿಗೆ ಗುಟ್ಟು ಬಿಡದಂಗ ಪರೀಕ್ಷೆ ಮಾಡಿಸೋ ದಾರಿ ಯಾವುದು? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೀರಿ.

ಎದೆರೋಗ_ಹುಬ್ಬಳ್ಳಿ

ಸಿಸ್ಟರ್, ಮೊದಲು ಮನೆಯವರ ಪ್ರಶ್ನೆ ತೆಗೆದುಕೊಳ್ಳೋಣ. ಅದಕ್ಕೆ ಸ್ಪಷ್ಟ ಉತ್ತರ ಇದೆ.

ಟಿಬಿ ಒಬ್ಬರಿಂದ ಒಬ್ಬರಿಗೆ ಹರಡುವುದು ಉಸಿರಾಡುವ ಗಾಳಿಯಿಂದ. ಶ್ವಾಸಕೋಶದ ಟಿಬಿ ಇರುವವರು ಕೆಮ್ಮಿದಾಗ ಬರುವ ಹನಿಗಳಲ್ಲಿ ದೊಡ್ಡವು ನೆಲಕ್ಕೆ ಬೀಳುತ್ತವೆ. ಸಣ್ಣವು ಒಣಗಿ 1ರಿಂದ 5 ಮೈಕ್ರಾನ್ ಗಾತ್ರದ ಕಣಗಳಾಗಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ. ಸೋಂಕು ಆಗಬೇಕಾದರೆ ರೋಗಾಣು ಶ್ವಾಸಕೋಶದ ತುದಿಯ ಗಾಳಿಗೂಡಿನ ತನಕ ಇಳಿಯಬೇಕು, ಅಷ್ಟು ಆಳಕ್ಕೆ ಇಳಿಯುವುದು ಆ ಸಣ್ಣ ಕಣ ಮಾತ್ರ. ತಾಟಿನ ಮೇಲೆ, ಸೆರಗಿನ ಮೇಲೆ, ಬಾಗಿಲ ಚಿಲಕದ ಮೇಲೆ ಕೂತದ್ದು ಮತ್ತೆ ಎದ್ದು ಆ ಗಾತ್ರದ ಕಣವಾಗಿ ತೇಲುವುದಿಲ್ಲ. ಆದ್ದರಿಂದ ಬೇರೆ ಗ್ಲಾಸು, ಬೇರೆ ಹಾಸಿಗೆ, ಮನೆಗೆ ಬಂದ ಕೂಡಲೇ ತಲೆಸ್ನಾನ, ಇವುಗಳಿಂದ ಟಿಬಿ ವಿಷಯದಲ್ಲಿ ಯಾವ ರಕ್ಷಣೆಯೂ ಸಿಗುವುದಿಲ್ಲ. ಯೂನಿಫಾರ್ಮ್ ಬದಲಿಸಿ ಹೋಗುವುದು ಆಸ್ಪತ್ರೆಯ ಸಾಮಾನ್ಯ ಶಿಸ್ತು. ಅದನ್ನು ಎಲ್ಲ ವಾರ್ಡಿನವರೂ ಮಾಡಲಿ, ಈ ವಾರ್ಡಿನವರಿಗಷ್ಟೇ ಹೇಳಬೇಡಿ.

ಇದು ಬರೀ ತರ್ಕವಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಟಿಬಿ ವಾರ್ಡಿನ ಗಾಳಿಯನ್ನಷ್ಟೇ ಕೊಳವೆಯಲ್ಲಿ ಮೇಲಿನ ಗೂಡಿಗೆ ಹಾಯಿಸಿ ಅಲ್ಲಿ ಗಿನಿಯಿಲಿಗಳನ್ನು ಇಟ್ಟಿದ್ದರು. ರೋಗಿಯನ್ನಾಗಲಿ ಅವರ ಪಾತ್ರೆಯನ್ನಾಗಲಿ ಮುಟ್ಟದ ಆ ಪ್ರಾಣಿಗಳಿಗೆ ಸೋಂಕು ತಗುಲಿತು. ಅದೇ ಗಾಳಿಯನ್ನು ನೇರಳಾತೀತ ಬೆಳಕು ಹಾಯಿಸಿ ಕೊಟ್ಟ ಇನ್ನೊಂದು ಗೂಡಿನ ಪ್ರಾಣಿಗಳಿಗೆ ತಗುಲಲಿಲ್ಲ. ನಮ್ಮ ದೇಶದ್ದೇ ಸಾಕ್ಷಿ ಬೇಕಾದರೆ 1956ರಲ್ಲಿ ಶುರುವಾದ ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರದ ಅಧ್ಯಯನ ಇದೆ. ಕೆಲವು ರೋಗಿಗಳಿಗೆ ಇಕ್ಕಟ್ಟಾದ ಬಡ ಮನೆಗಳಲ್ಲೇ, ಕೆಲವರಿಗೆ ಸ್ಯಾನಿಟೋರಿಯಂನಲ್ಲಿ ಚಿಕಿತ್ಸೆ ಕೊಟ್ಟರು. ಮನೆಯಲ್ಲೇ ಚಿಕಿತ್ಸೆ ಪಡೆದವರ ಕುಟುಂಬದಲ್ಲಿ ರೋಗ ಹೆಚ್ಚೇನೂ ಆಗಲಿಲ್ಲ. ಚಿಕಿತ್ಸೆಯಲ್ಲಿರುವ ರೋಗಿಯ ಜೊತೆ ಒಂದೇ ಮನೆಯಲ್ಲಿದ್ದವರ ಲೆಕ್ಕವೇ ಹೀಗಿರುವಾಗ, ರೋಗಿಯೇ ಅಲ್ಲದ ನರ್ಸಿಗೆ ಮನೆ ಬಾಡಿಗೆ ಕೊಟ್ಟರೆ ಏನಾದೀತು?

ಸಿಬ್ಬಂದಿಗೇ ಗೊಂದಲ ಇರುವ ಎರಡು ವಿಷಯ ಇವೆ. ಡಿಆರ್ ಟಿಬಿ ಸಾಮಾನ್ಯ ಟಿಬಿಗಿಂತ ಬೇರೆ ದಾರಿಯಲ್ಲಿ ಹರಡುವುದಿಲ್ಲ. ಕಷ್ಟ ಇರುವುದು ಅದಕ್ಕೆ ಔಷಧ ಕೊಡುವುದರಲ್ಲಿ. ಹಿರಿಯ ಸಿಬ್ಬಂದಿಯ ಮನಸ್ಸಿನಲ್ಲಿ ಇನ್ನೂ ಹಳೆಯ ಚಿತ್ರ ಕೂತಿದೆ: ಎರಡು ವರ್ಷದ ಚಿಕಿತ್ಸೆ, ತಿಂಗಳುಗಟ್ಟಲೆ ಕ್ಯಾನಮೈಸಿನ್ ಸೂಜಿ, ಕಿವಿ ಹೋದವರು. ಈಗ ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಬಿಪಾಲ್‌ಎಂ ಚಿಕಿತ್ಸೆಯನ್ನು ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿದೆ. ಎಲ್ಲ ಗುಳಿಗೆಯೇ, ಸೂಜಿ ಇಲ್ಲ, ಅದಕ್ಕೆ ಹೊಂದುವವರಿಗೆ 26 ವಾರ. ಈ ಒಂದು ಮಾಹಿತಿ ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಎರಡನೆಯದು, ಸೋಂಕು ಬೇರೆ, ರೋಗ ಬೇರೆ. ಚರ್ಮದ ಪರೀಕ್ಷೆ ಪಾಸಿಟಿವ್ ಬಂದರೂ ರೋಗ ಇಲ್ಲದ ನರ್ಸ್ ಯಾರಿಗೂ ಟಿಬಿ ಹರಡಲಾರರು. ಸೋಂಕಾದ ಆರೋಗ್ಯವಂತರಲ್ಲಿ ಇಡೀ ಜೀವಮಾನದಲ್ಲಿ ರೋಗವಾಗುವುದು 100ರಲ್ಲಿ 5ರಿಂದ 10 ಜನರಿಗೆ. ಸಕ್ಕರೆ ಕಾಯಿಲೆ, ಎಚ್‌ಐವಿ, ಸ್ಟೀರಾಯ್ಡ್, ಅಪೌಷ್ಟಿಕತೆ ಇದ್ದರೆ ಅಪಾಯ ಏರುತ್ತದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದದ್ದು ಬೇರೆಯೇ ಇದೆ. ಆಸ್ಪತ್ರೆಯಲ್ಲಿ ಅತಿ ಅಪಾಯದ ಗಾಳಿ ಡಿಆರ್ ಟಿಬಿ ವಾರ್ಡಿನದ್ದಲ್ಲ. ಅಲ್ಲಿಯ ರೋಗ ಯಾವುದೆಂದು ಗೊತ್ತಿದೆ, ಔಷಧ ಹೋಗುತ್ತಿದೆ, ಮಾಸ್ಕ್ ಇದೆ. ಸರಿಯಾದ ಔಷಧ ಒಳಗೆ ಹೋದ ಮೇಲೆ ಹರಡುವ ಶಕ್ತಿ ಬೇಗ ಇಳಿಯುತ್ತದೆ. ಅಪಾಯ ಇರುವುದು ಹೊರರೋಗಿ ವಿಭಾಗದ ಸಾಲಿನಲ್ಲಿ, ಮೆಡಿಕಲ್ ವಾರ್ಡಿನ ಮೂಲೆಯ ಬೆಡ್ಡಿನಲ್ಲಿ: ಕೆಮ್ಮುತ್ತಿರುವವರು, ಕಫ ಪರೀಕ್ಷೆ ಆಗಿಲ್ಲ, ಅಥವಾ ಟಿಬಿಯ ಮುಖ್ಯ ಔಷಧ ರಿಫಾಂಪಿಸಿನ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯದೆ ಸಾಮಾನ್ಯ ಟಿಬಿ ಗುಳಿಗೆ ನುಂಗುತ್ತಿರುವವರು. ಬೇರೆ ಗ್ಲಾಸು ತೆಗೆದಿಟ್ಟ ಮೆಡಿಕಲ್ ವಾರ್ಡಿನ ಸಿಬ್ಬಂದಿ ಮಾಸ್ಕ್ ಇಲ್ಲದೆ ಆ ಗಾಳಿ ಕುಡಿಯುತ್ತಿದ್ದಾರೆ. ಇದನ್ನು ಅವರ ಮುಂದೆ ಬಿಡಿಸಿ ಹೇಳಿ. ಆಗ ಗ್ಲಾಸಿನ ವಿಷಯ ತಾನಾಗಿ ಬಿಟ್ಟುಹೋಗಿ, ಕೆಮ್ಮುವವರನ್ನು ಬಾಗಿಲಲ್ಲೇ ಗುರುತಿಸಿ ಮಾಸ್ಕ್ ಕೊಟ್ಟು, ಬೇರೆ ಕೂರಿಸಿ, ಅಂದೇ ಕಫ ಕಳಿಸುವ ಕೆಲಸ ಶುರುವಾಗುತ್ತದೆ. ಕಫದಲ್ಲಿ ಟಿಬಿ ಇದೆಯೇ, ಅದು ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ನೋಡುವ ಸಿಬಿನಾಟ್ ಯಂತ್ರಕ್ಕೆ ಹಾಕಿದ ಮೇಲೆ ರಿಫಾಂಪಿಸಿನ್ ಫಲಿತಾಂಶ ಸುಮಾರು 2 ಗಂಟೆಯಲ್ಲಿ ಬರುತ್ತದೆ. ತಡ ಆಗುವುದು ಕಫ ಕಳಿಸುವುದರಲ್ಲಿ.

ಇನ್ನೊಂದು ಮಾತು ವೈದ್ಯರಿಗೆ. ವಾರ್ಡಿನ ಬಾಗಿಲಲ್ಲಿ ನಿಂತು ಫೈಲ್ ತರಿಸಿಕೊಂಡು ರೌಂಡ್ಸ್ ಮುಗಿಸಿದರೆ ಇಡೀ ಆಸ್ಪತ್ರೆ ಅದನ್ನೇ ಕಲಿಯುತ್ತದೆ. ಎನ್-95 ಹಾಕಿಕೊಂಡು ಬೆಡ್ಡಿನ ಪಕ್ಕ ನಿಂತು ಎದೆ ಪರೀಕ್ಷೆ ಮಾಡಬೇಕು, ಪ್ರತಿ ದಿನ.

ಸೋಂಕುನಿಯಂತ್ರಣ_ಧಾರವಾಡ

ಡಾಕ್ಟರ್ ಹೇಳಿದ್ದು ಸರಿ. ಆದರೆ ವಾರ್ಡಿನ ಗಾಳಿ ನಿಜವಾಗಿಯೂ ಕೆಟ್ಟಿದ್ದರೆ ಬರೀ ಮಾತಿನಿಂದ ಭಯ ಹೋಗುವುದಿಲ್ಲ, ಹೋಗಲೂಬಾರದು. ಮೊದಲು ಅಳೆಯಿರಿ.

ಕೋಣೆಯ ಉದ್ದ, ಅಗಲ, ಎತ್ತರ ಮೀಟರಿನಲ್ಲಿ ಗುಣಿಸಿ. ಎದುರುಬದುರು ಗೋಡೆಗಳಲ್ಲಿ ನಿಜಕ್ಕೂ ತೆರೆಯುವ ಕಿಟಕಿಗಳ ಚದರ ಮೀಟರ್ ಲೆಕ್ಕ ಹಾಕಿ, ಎರಡು ಬದಿಗಳಲ್ಲಿ ಕಡಿಮೆ ಇರುವುದನ್ನು ತೆಗೆದುಕೊಳ್ಳಿ. ಸರಿಯುವ ಕಿಟಕಿ ಅರ್ಧವೇ ತೆರೆಯುತ್ತದೆ, ಅರ್ಧವೇ ಲೆಕ್ಕ. ಕಿಟಕಿಯಲ್ಲಿ ಗಾಳಿಯ ವೇಗವನ್ನು ಅಳೆಯುವ ಕೈಯಂತ್ರದಿಂದ ಸೆಕೆಂಡಿಗೆ ಎಷ್ಟು ಮೀಟರ್ ಎಂದು ನೋಡಿ. ಆಮೇಲೆ 0.65 × ವೇಗ × ಕಿಟಕಿ ಚದರಳತೆ × 3600, ಇದನ್ನು ಕೋಣೆಯ ಘನ ಅಳತೆಯಿಂದ ಭಾಗಿಸಿ. ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ ಎಂದು ಸಿಗುತ್ತದೆ.

ಉದಾಹರಣೆಗೆ 6 × 5 ಮೀಟರ್, ಎತ್ತರ 3.5, ಒಟ್ಟು 105 ಘನ ಮೀಟರ್. ಕಡಿಮೆ ಇರುವ ಬದಿಯಲ್ಲಿ 1 ಚದರ ಮೀಟರ್ ಕಿಟಕಿ, ಗಾಳಿ ಸೆಕೆಂಡಿಗೆ ಅರ್ಧ ಮೀಟರ್. ಲೆಕ್ಕ ಸುಮಾರು 11 ಬರುತ್ತದೆ. ಈ ಥರದ ವಾರ್ಡಿಗೆ ಗುರಿ ಕನಿಷ್ಠ 12. ರಾತ್ರಿ ಚಳಿಗೆ, ಸೊಳ್ಳೆಗೆ ಅರ್ಧ ಮುಚ್ಚಿದರೆ ಐದೂವರೆಗೆ ಇಳಿಯುತ್ತದೆ. ಗಂಟೆಗೆ 12 ಸಲ ಬದಲಾದರೆ ತೇಲುವ ಕಣಗಳಲ್ಲಿ ಶೇ 99 ಹೊರಹೋಗಲು 23 ನಿಮಿಷ ಸಾಕು, 6 ಸಲವಾದರೆ 46 ನಿಮಿಷ ಬೇಕು. ಈ ಸಂಖ್ಯೆಯನ್ನು ವಾರ್ಡಿನ ಬಾಗಿಲ ಮೇಲೆ ಅಳೆದ ತಾರೀಖಿನ ಜೊತೆ ಬರೆದು ಹಚ್ಚಿ. ಹತ್ತು ಪೋಸ್ಟರ್‌ಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಸಿಬ್ಬಂದಿಗೆ ನಂಬಲು ಒಂದು ಲೆಕ್ಕ ಸಿಗುತ್ತದೆ.

ಗಾಳಿಯ ದಿಕ್ಕನ್ನು ಊದಿನಕಡ್ಡಿ ಹಚ್ಚಿ ನೋಡಿ. ಹೊಗೆ ನರ್ಸ್ ಮೇಜಿನಿಂದ ರೋಗಿಯ ಕಡೆ ಹೋಗಿ ಹೊರಗೆ ಬೀಳಬೇಕು. ನಮ್ಮ ಕಡೆ ಇದರಲ್ಲೊಂದು ಮೋಸ ಇದೆ: ಮಳೆಗಾಲದಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಗಾಳಿ. ಆಷಾಢದಲ್ಲಿ ನೋಡಿ ಸರಿಯಾಗಿ ಹಾಕಿದ ಮೇಜು ಪುಷ್ಯದ ಹೊತ್ತಿಗೆ ರೋಗಿಯ ಉಸಿರಿನ ದಾರಿಯಲ್ಲೇ ಇರುತ್ತದೆ. ಆದ್ದರಿಂದ ವರ್ಷಕ್ಕೆ ಎರಡು ಸಲ, ಹಗಲು ಒಮ್ಮೆ ರಾತ್ರಿ ಒಮ್ಮೆ ನೋಡಬೇಕು. ಸೀಲಿಂಗ್ ಫ್ಯಾನ್ ಗಾಳಿಯನ್ನು ಕಲಕುತ್ತದೆ, ಬದಲಿಸುವುದಿಲ್ಲ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ಕೊಡುತ್ತದೆ, ಕಿಟಕಿಯನ್ನೂ ಮುಚ್ಚಿಸುತ್ತದೆ. ಡ್ಯೂಟಿ ರೂಮಿಗೆ ಎಸಿ ಹಾಕಿಸಿಕೊಳ್ಳಬೇಡಿ.

ಬ್ಲೀಚಿಂಗ್ ಸಿಂಪಡಿಸುವುದು, ವಾರಕ್ಕೊಮ್ಮೆ ಹೊಗೆ ಹಾಕುವುದು ನಿಲ್ಲಿಸಿ. ಸೋಂಕು ಗಾಳಿಯಲ್ಲಿ ಇರುವಾಗ ಗೋಡೆಗೆ ಔಷಧ ಹೊಡೆದು ಫಲವಿಲ್ಲ, ಮೇಲಾಗಿ ನೋಡುವವರಿಗೆ ಈ ಗೋಡೆ ಮುಟ್ಟಬಾರದು ಅನ್ನಿಸುತ್ತದೆ. ಅಟೆಂಡರ್‌ಗಳಿಗೆ ಇಡೀ ಮೈ ಮುಚ್ಚುವ ಪಿಪಿಇ ತೊಡಿಸುವುದೂ ಹೀಗೆಯೇ. ಟಿಬಿಗೆ ಬೇಕಾದದ್ದು ಮೂಗು ಬಾಯಿಯ ರಕ್ಷಣೆ. ರಕ್ತ, ಕಫ ಮುಟ್ಟುವಾಗ ಗ್ಲೌಸ್, ಅದು ಎಲ್ಲ ವಾರ್ಡಿನ ನಿಯಮ.

ಇನ್ನು ಮಾಸ್ಕ್. ರೋಗಿಗೆ ಸರ್ಜಿಕಲ್ ಮಾಸ್ಕ್, ಸಿಬ್ಬಂದಿಗೆ ಎನ್-95. ತಿರುಗಾಮುರುಗಾ ಆದರೆ ಇಬ್ಬರಿಗೂ ನಷ್ಟ: ಸರ್ಜಿಕಲ್ ಮಾಸ್ಕ್ ಪಕ್ಕದಿಂದ ಗಾಳಿ ಎಳೆಯುತ್ತದೆ, ಸೋತ ಎದೆಯ ರೋಗಿಗೆ ಎನ್-95ನಲ್ಲಿ ಉಸಿರು ಕಟ್ಟುತ್ತದೆ. ಪೇಟೆಯಲ್ಲಿ ಎನ್-95 ಎಂದು ಮಾರುವ, ಕಿವಿಗೆ ಸಿಕ್ಕಿಸುವ ಮಾಸ್ಕ್ ಹೆಚ್ಚಿನವರ ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. ತಲೆಗೆ ಎರಡು ಪಟ್ಟಿ ಇರುವುದನ್ನೇ ತರಿಸಿ, ಐಎಸ್ 9473 ಎಫ್‌ಎಫ್‌ಪಿ2 ಗುರುತು ಅಥವಾ ನಯಾಶ್ (NIOSH, ಮಾಸ್ಕ್ ಪರೀಕ್ಷಿಸುವ ಅಮೆರಿಕದ ಸಂಸ್ಥೆ) ಒಪ್ಪಿಗೆ ನೋಡಿ. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಎರಡನ್ನೂ ಕುತ್ತಿಗೆಗೇ ಹಾಕಿಕೊಳ್ಳುವುದು ಎಲ್ಲೆಲ್ಲೂ ಕಾಣುವ ತಪ್ಪು. ಮೂಗಿನ ತಂತಿಯನ್ನು ಎರಡೂ ಕೈ ಬೆರಳಿಂದ ಒತ್ತಬೇಕು. ಅಂಗೈಗಳಿಂದ ಮುಚ್ಚಿ ಜೋರಾಗಿ ಉಸಿರು ಬಿಟ್ಟರೆ ಅಂಚಿನಿಂದ ಗಾಳಿ ಬರಬಾರದು, ಎಳೆದರೆ ಮಾಸ್ಕ್ ಒಳಕ್ಕೆ ಜಗ್ಗಬೇಕು. ಗಡ್ಡ ಇದ್ದರೆ ಯಾವ ಮಾಸ್ಕೂ ಮುಖಕ್ಕೆ ಅಂಟುವುದಿಲ್ಲ.

ಒಣಗಿದ್ದು, ಆಕಾರ ಕೆಡದೆ ಇದ್ದರೆ ಟಿಬಿ ವಾರ್ಡಿನಲ್ಲಿ ಅದೇ ವ್ಯಕ್ತಿ ಮತ್ತೆ ಬಳಸಬಹುದು. ಹೆಸರು ಬರೆದ ಕಾಗದದ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ, ಬೆವರು ಒಳಗೇ ನಿಲ್ಲುತ್ತದೆ. ತೊಳೆಯಬಾರದು, ಸ್ಯಾನಿಟೈಜರ್ ಹೊಡೆಯಬಾರದು. ಕಣವನ್ನು ಹಿಡಿಯುವ ವಿದ್ಯುದಂಶ ಅದರಿಂದ ಹೋಗುತ್ತದೆ, ನೋಡಲು ಮಾತ್ರ ಚೆನ್ನಾಗಿಯೇ ಕಾಣುತ್ತದೆ. ಪಟ್ಟಿ ಸಡಿಲಾದರೆ, ಒದ್ದೆಯಾದರೆ, ಮಡಚಿ ಮುರಿದರೆ ಬಿಸಾಡಿ.

ರೋಗಿಗೆ ಬೇಜಾರಾಗುತ್ತದೆ ಎಂದು ಮಾಸ್ಕ್ ತೆಗೆದು ಮಾತಾಡಿಸುವ ಒಳ್ಳೆಯ ಮನಸ್ಸಿನ ಸಿಸ್ಟರ್‌ಗಳು ಇದ್ದಾರೆ. ದಯವಿಟ್ಟು ಬೇಡ. ದಾಖಲಾದ ದಿನವೇ "ಇದು ನಿಮ್ಮ ಮೇಲಿನ ಅಸಹ್ಯಕ್ಕಲ್ರಿ, ಈ ವಾರ್ಡಿನಾಗ ದಿನಾ ಎಂಟು ತಾಸು ಇರ್ತೇವಿ, ಅದಕ್ಕ" ಎಂದು ಹೇಳಿಬಿಟ್ಟರೆ ರೋಗಿಗಳು ಒಪ್ಪುತ್ತಾರೆ. ಅದೇ ಮಾಸ್ಕ್ ಹಾಕಿಕೊಂಡು ಕ್ಯಾಂಟೀನಿಗೆ, ಸ್ಕೂಟಿ ಮೇಲೆ ಮನೆಗೆ ಹೋಗುವುದೂ ಬೇಡ. ಅಲ್ಲಿ ಅದರಿಂದ ಭಯ ಹುಟ್ಟುತ್ತದೆ, ಮಾಸ್ಕೂ ಹಾಳಾಗುತ್ತದೆ.

ಎಸ್‌ಟಿಎಸ್_ಗದಗ

ಅಕ್ಕಾರ, ನಾನು ಎಸ್‌ಟಿಎಸ್, ಅಂದ್ರ ಟಿಬಿ ಕಾರ್ಯಕ್ರಮದ ಹಿರಿಯ ಚಿಕಿತ್ಸಾ ಮೇಲ್ವಿಚಾರಕ, ಊರೊಳಗಿನ ಕೆಲಸದ್ದು ನಾನು ಹೇಳ್ತೀನ್ರಿ. ಆಸ್ಪತ್ರಿ ಸಿಬ್ಬಂದಿಗಿಂತ ಆಶಾ ಕಾರ್ಯಕರ್ತೆಯರಿಗೆ ಇದು ಹೆಚ್ಚು ಬಡೀತೈತಿ, ಯಾಕಂದ್ರ ಅವರು ಅದ ಊರಾಗ ಇರೋರು. ಅವರ ಮಕ್ಕಳು ಅದ ಸಾಲಿಗೆ ಹೋಗ್ತಾರ, ಬೀಗತನ ಅಲ್ಲೇ ಆಗಬೇಕು.

ಮೊದಲನೇದು, ಒಬ್ಬ ಆಶಾನ್ನ "ಟಿಬಿ ಆಶಾ" ಮಾಡಬ್ಯಾಡ್ರಿ. ನಮ್ಮವರ ಒಂದು ರೂಢಿ ಐತಿ, ಒಬ್ಬಾಕಿ ಛಲೋ ಮಾಡಿದ್ಲು ಅಂದ್ರ ಸುತ್ತಲ ನಾಕು ಓಣಿ ಕೇಸೂ ಆಕಿಗೇ ಹಚ್ಚೂದು. ಆಕಿ ಯಾರ ಮನಿ ಕಟ್ಟಿ ಹತ್ತಿದ್ರೂ ಮಂದಿ ಲೆಕ್ಕಾ ಹಾಕ್ತಾರ. ಬಾಣಂತಿ ಭೇಟಿ, ಬಿಪಿ-ಶುಗರ್ ನೋಡೂದು, ಟಿಬಿ ಗುಳಿಗಿ, ಎಲ್ಲಾ ಒಂದ ಸುತ್ತಿನಾಗ, ಒಂದ ಚೀಲದಾಗ ಬರ್ಬೇಕು. ಗುಳಿಗಿ ಡಬ್ಬಿ ಹೊರಗ ಕಾಣೂದು ಬ್ಯಾಡ.

ಎರಡನೇದು, ಗಾಡಿ. "ಕ್ಷಯರೋಗ ನಿರ್ಮೂಲನ" ಅಂತ ದೊಡ್ಡ ಅಕ್ಷರದಾಗ ಬರದ ಗಾಡಿ ರೋಗಿ ಮನಿ ಮುಂದ ನಿಲ್ಲಿಸಿದ್ರ ಮುಗೀತು. ಬಸ್‌ಸ್ಟ್ಯಾಂಡ್ ಹಂತ್ಯಾಕ, ಗುಡಿ ಹಂತ್ಯಾಕ ಬಿಟ್ಟು ನಡಕೊಂಡು ಹೋಗ್ರಿ. ಮೊದಲ ಭೇಟಿ ಮುಂಚೆ ಫೋನ್ ಮಾಡಿ, ಎಲ್ಲಿ ಭೇಟಿಯಾಗೂದು ಅನ್ನೋದನ್ನ ರೋಗಿಗೇ ಬಿಡ್ರಿ. ಕೆಲವರು ಹೊಲಕ್ಕ ಬಾ ಅಂತಾರ, ಕೆಲವರು ಉಪಕೇಂದ್ರಕ್ಕ ಬರ್ತಾರ.

ಮೂರನೇದು ಮನ್ಯಾಗ ಕೂಡೂ ಜಾಗ. ನರಗುಂದ, ರೋಣ, ನವಲಗುಂದದ ಕಡೆ ಮಾಳಗಿ ಮನಿಗೊಳಗ ಕಿಟಕಿ ಕಡಿಮಿ, ಬೆಳಕಿಂಡಿ ಅಷ್ಟ. ಮಳಿಗಾಲದಾಗ ಅದನ್ನೂ ಮುಚ್ಚಿರ್ತಾರ. ಒಳಗ ಪಡಸಾಲ್ಯಾಗ ಅರ್ಧ ತಾಸು ಕೂಡೂದು ಬ್ಯಾಡ, ಹೊರಗ ಕಟ್ಟಿ ಮ್ಯಾಲ ಇಲ್ಲಾ ಹಿತ್ತಲದಾಗ ಕೂಡ್ರಿ. ಒಳಗ ಹೋಗಾಕ ಬೇಕಂದ್ರ ಬೆಳಕಿಂಡಿ ತಗಸ್ರಿ, ಬಾಗಿಲ ಒಳಗ ಕಾಲಿಡೂ ಮುಂಚೆ ಎನ್-95 ಹಾಕ್ರಿ. ಓಣಿ ತುದಿಯಿಂದನ ಮಾಸ್ಕ್ ಹಾಕ್ಕೊಂಡು ಬಂದ್ರ ಊರಿಗೆಲ್ಲ ಡಂಗುರ ಹೊಡದಂಗ.

ಇಸಿಜಿಗೆ, ರಕ್ತ ಪರೀಕ್ಷೆಗೆ ಅಂತ ಆಶಾ ರೋಗಿ ಸಂಗಾಟ ಹುಬ್ಬಳ್ಳಿಗೆ, ಗದಗಿಗೆ ಬರಬೇಕಾಗತೈತಿ. ಬೆಡಾಕ್ವಿಲಿನ್ ಇದ್ದವರಿಗೆ ಇಸಿಜಿ ತಪ್ಪಸಂಗಿಲ್ಲ. ಬಸ್ಸಿನಾಗ ಕಿಟಕಿ ತಗದು ರೋಗಿನ್ನ ಕಿಟಕಿ ಬಾಜು ಕೂಡಿಸ್ರಿ, ಸರ್ಜಿಕಲ್ ಮಾಸ್ಕ್ ಹಾಕಿಸ್ರಿ. ಮಳ್ಯಾಗ ಪ್ಲಾಸ್ಟಿಕ್ ಪರದೆ ಇಳಿಸಿದ ಟಂಟಂದಾಗ ಎಂಟು ಮಂದಿ ಒತ್ತಿ ಕೂಡೂದು ಎಲ್ಲಾದಕ್ಕಿಂತ ಕೆಟ್ಟದ್ದು.

ಇನ್ನ ಬಾಡಿಗಿ ಮನಿ ಮಾಲಕರು. ಸಿಬ್ಬಂದಿ ಒಬ್ರ ಹೋಗಿ ಗೋಗರೆದ್ರ ಆಗೂದಿಲ್ಲ. ಆಸ್ಪತ್ರಿ ಲೆಟರ್‌ಹೆಡ್ಡಿನಾಗ ಮುಖ್ಯಸ್ಥರ ಸಹಿ ಇರೋ ನಾಕು ಸಾಲಿನ ಪತ್ರ ಕೊಡಸ್ರಿ: ಇವರು ನಮ್ಮ ಆಸ್ಪತ್ರಿ ನೌಕರರು, ಸೋಂಕು ತಡಿಯೂ ಕ್ರಮ ಇದ್ದಲ್ಲೇ ಕೆಲಸ ಮಾಡ್ತಾರ, ಇವರಿಂದ ಮನಿಯವರಿಗೆ ರೋಗ ಬರೂ ಕಾರಣ ಇಲ್ಲ, ಸಂಶಯ ಇದ್ರ ಈ ನಂಬರಿಗೆ ಮಾತಾಡ್ರಿ. ವಾರ್ಡಿನ ಹೆಸರು ಬ್ಯಾಡ. ಆ ನಂಬರ್ ಎತ್ತಾವ್ರು ಡಾಕ್ಟರ್ ಇರ್ಬೇಕು, ಮಾಲಕರಿಗೆ ಡಾಕ್ಟರ್ ಮಾತು ನಾಟ್ತೈತಿ.

"ಟಿಬಿ ಇಲ್ಲ" ಅನ್ನೋ ಸರ್ಟಿಫಿಕೇಟ್ ಮಾತ್ರ ಕೊಡಬ್ಯಾಡ್ರಿ. ಒಬ್ಬರು ಕೊಟ್ರ ಎಲ್ಲರನ್ನೂ ಕೇಳ್ತಾರ, ಆರು ತಿಂಗಳಿಗೆ ಹೊಸಾದು ತಾ ಅಂತಾರ, ಎಂದಾದ್ರೂ ಒಬ್ಬರಿಗೆ ಖರೇನ ಟಿಬಿ ಬಂತಂದ್ರ ಅದ ಕಾಗದ ಇಲ್ಲದ್ದ ಅವರ ಗುಟ್ಟು ಬಿಡತೈತಿ.

ವಾಟ್ಸಾಪ್ ಗ್ರೂಪಿನಾಗ ರೋಗಿ ಹೆಸರು, ಊರು, ನಿಕ್ಷಯ್ (ಸರ್ಕಾರದ ಟಿಬಿ ನೋಂದಣಿ ಜಾಲತಾಣ) ಪರದಿ ಫೋಟೋ ಹಾಕೂದು ಇವತ್ತ ಬಂದ್ ಆಗ್ಬೇಕು. ಸಿಬ್ಬಂದಿಗೆ ರೋಗ ಬಂದಾಗ ಅದ ಗ್ರೂಪಿನಾಗ ಅವರ ಹೆಸರೂ ಬರತೈತಿ ಅಂತ ಅವರಿಗೆ ಗೊತ್ತೈತಿ. ಪರೀಕ್ಷೆಗೆ ಒಲ್ಲೆ ಅನ್ನೋದಕ್ಕ ಅದೂ ಒಂದು ಕಾರಣ.

ನರ್ಸಿಂಗ್_ಹಾವೇರಿ

ಬಾಳ ಉಪಕಾರ ಆತ್ರಿ. ಗಾಳಿ ಅಳಿಯೂದು, ಪತ್ರ, ಎರಡೂ ಈ ವಾರನ ಶುರು ಮಾಡತೇವಿ. ಅಟೆಂಡರ್ ವಿಷಯ ಯಾರರೆ ಹೇಳ್ರಿ. ಹೊರಗುತ್ತಿಗೆ ಕೆಲಸ, ರಜಾ ಹಾಕಿದ್ರ ಪಗಾರ ಕಟ್. ಅದಕ್ಕ ಬಾಯಿ ಬಿಡವಲ್ರು.

ಕಾರ್ಮಿಕಆರೋಗ್ಯ_ಹುಬ್ಬಳ್ಳಿ

ಕೆಮ್ಮು ಮೂರು ವಾರ ಆಗಿದೆ ಎಂದರೆ ಇದು ಈ ವಾರದ ಕೆಲಸ, ಮುಂದಿನ ತಿಂಗಳದ್ದಲ್ಲ. ಎರಡು ವಾರದ ಕೆಮ್ಮಿಗೇ ಯಾರಿಗಾದರೂ ಕಫ ಪರೀಕ್ಷೆ ಬೇಕು. ಈ ವಾರ್ಡಿನಲ್ಲಿ ದುಡಿಯುವವರಿಗೆ ಅಷ್ಟೂ ಕಾಯಬಾರದು. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೂ ಅಷ್ಟೇ.

ಅವರೊಬ್ಬರನ್ನೇ ಕರೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಆದ್ದರಿಂದ ಇಡೀ ಆಸ್ಪತ್ರೆಯ ಸಿಬ್ಬಂದಿಗೆ ತಪಾಸಣೆ ಇಡಿ: ವೈದ್ಯರಿಂದ ಹಿಡಿದು ಕಸ ಗುಡಿಸುವವರ ತನಕ, ಲಕ್ಷಣದ ಪ್ರಶ್ನೆಪಟ್ಟಿ, ತೂಕ, ಎದೆಯ ಎಕ್ಸ್‌ರೇ. ಲಕ್ಷಣ ಇದ್ದವರಿಗೆ, ಎಕ್ಸ್‌ರೇಯಲ್ಲಿ ಏನಾದರೂ ಕಂಡವರಿಗೆ ಕಫ ಸಿಬಿನಾಟ್ ಅಥವಾ ಅಂಥದ್ದೇ ಟ್ರೂನಾಟ್ ಯಂತ್ರಕ್ಕೆ. ವರ್ಷಕ್ಕೊಮ್ಮೆ ಇದೇ ಕ್ರಮ. ಎಲ್ಲರೂ ಸಾಲಿನಲ್ಲಿ ನಿಂತಾಗ ಯಾರ ಮೇಲೂ ಬೆರಳು ಬರುವುದಿಲ್ಲ. ಫಲಿತಾಂಶ ಒಬ್ಬ ವೈದ್ಯರ ಕೈಗೆ ಮಾತ್ರ ಹೋಗಲಿ. ವಾರ್ಡ್ ಇನ್‌ಚಾರ್ಜ್‌ಗೂ ಬೇಡ, ಗುತ್ತಿಗೆದಾರರಿಗಂತೂ ಬೇಡವೇ ಬೇಡ.

ತಪಾಸಣೆ ಏರ್ಪಡಿಸಲು ವಾರ ಹಿಡಿಯುವುದಾದರೆ ಈ ಅಟೆಂಡರ್ ಅಷ್ಟು ದಿನ ಕಾಯಬಾರದು. ಬೇರೆ ಜಿಲ್ಲೆಯ ಕೇಂದ್ರದಲ್ಲಿ ಕಫ ಕೊಡಬಹುದು. ಹಾವೇರಿಯವರು ಹುಬ್ಬಳ್ಳಿಗೆ ಬಂದರೆ ಯಾರೂ ಬೇಡ ಎನ್ನಲಾರರು. ರೋಗ ಖಚಿತವಾದರೆ ನಿಕ್ಷಯ್‌ನಲ್ಲಿ ಒಂದು ಕಡೆ ನೋಂದಾಯಿಸಿ, ಔಷಧ ಬೇಕಾದ ಕೇಂದ್ರಕ್ಕೆ ವರ್ಗಾಯಿಸಲು ಅವಕಾಶ ಇದೆ.

ರೋಗ ಇಲ್ಲ, ಸೋಂಕು ಇದೆಯೇ ಎಂದು ನೋಡಲು ಸೈ-ಟಿಬಿ ಚರ್ಮ ಪರೀಕ್ಷೆ ಇದೆ: 0.1 ಮಿಲಿ ಚರ್ಮದೊಳಗೆ, 48ರಿಂದ 72 ಗಂಟೆಯ ಒಳಗೆ ಓದಬೇಕು, ಗಟ್ಟಿಯಾದ ಉಬ್ಬು 5 ಮಿಮೀ ಅಥವಾ ಹೆಚ್ಚಿದ್ದರೆ ಪಾಸಿಟಿವ್. ಕೆಂಪು ಬಣ್ಣವನ್ನು ಅಳೆಯಬಾರದು. ಬಾಲ್ಯದ ಬಿಸಿಜಿ ಇದಕ್ಕೆ ಅಡ್ಡ ಬರುವುದಿಲ್ಲ. ಪಾಸಿಟಿವ್ ಬಂದವರಿಗೆ ಅಭ್ಯಾಸದಂತೆ ವಾರಕ್ಕೊಮ್ಮೆ 12 ಸಲದ 3ಎಚ್‌ಪಿ (ಐಸೋನಿಯಾಜಿಡ್, ರಿಫಾಪೆಂಟಿನ್ ಸೇರಿದ ತಡೆ ಔಷಧ) ಕೊಟ್ಟುಬಿಡುವ ತಪ್ಪು ಆಗುತ್ತದೆ. ಸೋಂಕು ಎಂಡಿಆರ್ ರೋಗಿಯಿಂದ ಬಂದಿದ್ದರೆ ಐಸೋನಿಯಾಜಿಡ್ ಆಗಲಿ ರಿಫಾಪೆಂಟಿನ್ ಆಗಲಿ ತಾಗುವುದಿಲ್ಲ. ಫ್ಲೋರೋಕ್ವಿನೊಲೋನ್‌ಗೆ (ಲಿವೋಫ್ಲಾಕ್ಸಾಸಿನ್ ಸೇರಿದ ಔಷಧಗುಂಪು) ಬಗ್ಗುವ ತಳಿ ಎಂದು ಗೊತ್ತಿದ್ದಲ್ಲಿ 6 ತಿಂಗಳ ಲಿವೋಫ್ಲಾಕ್ಸಾಸಿನ್ ದಾರಿ ಇದೆ. ಯಾವ ರೋಗಿಯ ಸಂಪರ್ಕ ಎಂದು ನೋಡಿ ಎದೆರೋಗ ತಜ್ಞರೇ ನಿರ್ಧರಿಸಲಿ.

ಪಗಾರದ ವಿಷಯ. ತಿಂಗಳಿಗೆ 21,000 ರೂಪಾಯಿ ತನಕ ಪಗಾರ ಇರುವ ಹೊರಗುತ್ತಿಗೆಯವರಿಗೆ ಸಾಮಾನ್ಯವಾಗಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುತ್ತದೆ, ಪಗಾರ ಚೀಟಿಯಲ್ಲಿ ಶೇ 0.75 ಕಡಿತ ಇದೆಯೇ ನೋಡಿ. ಟಿಬಿ ಬಂದರೆ ಇಎಸ್‌ಐನ ವಿಸ್ತರಿತ ಅನಾರೋಗ್ಯ ಭತ್ಯೆಯಲ್ಲಿ ಪಗಾರದ ಶೇ 80 ಸಿಗುತ್ತದೆ, ಎರಡು ವರ್ಷದ ತನಕ ಮುಂದುವರಿಯಬಹುದು. ಷರತ್ತು: ಎರಡು ವರ್ಷ ನಿರಂತರ ಕೆಲಸ, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ (ಒಂದೊಂದು ಆರು ತಿಂಗಳು) 156 ದಿನದ ವಂತಿಗೆ. ಎಡವುವುದು ಇಲ್ಲೇ. ಗುತ್ತಿಗೆದಾರರು ಬದಲಾದಾಗ ಹೊಸಬರು ಹೊಸ ಇಎಸ್‌ಐ ನಂಬರ್ ಮಾಡಿಸಿಬಿಡುತ್ತಾರೆ, ಹಳೆಯ ವಂತಿಗೆ ಲೆಕ್ಕಕ್ಕೆ ಸಿಗುವುದಿಲ್ಲ. ಟೆಂಡರ್ ಬದಲಾದ ಪ್ರತಿ ಸಲ ಹಳೆಯ ನಂಬರನ್ನೇ ಕೊಡಬೇಕು.

ಇಎಸ್‌ಐ ಇಲ್ಲದವರಿಗೆ ಮೊದಲು 1923ರ ನೌಕರರ ಪರಿಹಾರ ಕಾಯ್ದೆ ಇತ್ತು, 2025ರ ನವೆಂಬರಿನಿಂದ ಅದರ ಜಾಗದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. ಅದರ ಮೂರನೇ ಅನುಸೂಚಿಯಲ್ಲಿ, ಆರೋಗ್ಯ ಮತ್ತು ಪ್ರಯೋಗಾಲಯದ ಕೆಲಸದಲ್ಲಿ ತಗಲುವ ಸೋಂಕುರೋಗವನ್ನು ವೃತ್ತಿಯಿಂದ ಬಂದ ರೋಗ ಎಂದು ಸೇರಿಸಿದ್ದಾರೆ. ಆದರೆ ಹಕ್ಕು ಕೇಳುವಾಗ ಕಾಗದ ಬೇಕು: ಯಾವ ದಿನದಿಂದ ಯಾವ ದಿನದ ತನಕ ಆ ವಾರ್ಡಿನಲ್ಲಿ ಡ್ಯೂಟಿ, ಸೇರುವಾಗಿನ ಎಕ್ಸ್‌ರೇ, ಮಾಸ್ಕ್ ಕೊಟ್ಟ ರಿಜಿಸ್ಟರ್. ಡ್ಯೂಟಿ ಪಟ್ಟಿ ಬಿಳಿ ಹಲಗೆಯ ಮೇಲೆ ಬರೆದು ವಾರಕ್ಕೊಮ್ಮೆ ಅಳಿಸುವ ಕಡೆ ಈ ಹಕ್ಕು ಅಳಿಸಿದ ಹಾಗೆಯೇ. ಪ್ರತಿ ವಾರ ಫೋಟೋ ತೆಗೆದಿಡಿ, ಅಟೆಂಡರ್‌ಗಳಿಗೂ ಪ್ರತಿ ಕೊಡಿ. ಇದಲ್ಲದೆ ಟಿಬಿ ರೋಗಿಗಳ ಆಹಾರಕ್ಕೆ ಸರ್ಕಾರ ಕೊಡುವ ನಿಕ್ಷಯ್ ಪೋಷಣ್‌ನ ತಿಂಗಳಿಗೆ 1,000 ರೂಪಾಯಿ ಚಿಕಿತ್ಸೆಯಲ್ಲಿರುವ ಎಲ್ಲರಿಗೂ ಬರುತ್ತದೆ, ಸಿಬ್ಬಂದಿಗೂ.

ಡ್ಯೂಟಿ ಹಂಚುವ ರೀತಿಯನ್ನೂ ಬದಲಿಸಿ. ತಡವಾಗಿ ಬಂದವರನ್ನು, ಜಗಳ ಮಾಡಿದವರನ್ನು ಈ ವಾರ್ಡಿಗೆ ಹಾಕುವುದು ನಿಲ್ಲದೆ ಶಿಕ್ಷೆಯ ಹೆಸರು ಹೋಗುವುದಿಲ್ಲ. ಸರದಿಯ ಪಟ್ಟಿ ಮೊದಲೇ ಹಚ್ಚಿ, ಅವಧಿ ಆರು ತಿಂಗಳು ಇರಲಿ. ತಿಂಗಳಿಗೊಮ್ಮೆ ಬದಲಿಸಿದರೆ ಲಿನೆಜೋಲಿಡ್‌ನಿಂದ ಕಾಲು ಜೋಮು ಹಿಡಿಯುವುದನ್ನು, ಕಣ್ಣು ಮಂಜಾಗುವುದನ್ನು ಹೊಸಬರು ಗುರುತಿಸಲಾರರು. ಗರ್ಭಿಣಿಯರು, ಸಕ್ಕರೆ ಕಾಯಿಲೆ, ಎಚ್‌ಐವಿ ಇರುವವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಇಲ್ಲಿ ಬೇಡ. ಹಾಗೆಂದು ಕಾರಣ ಕೇಳಿದರೆ ಇನ್ನೊಂದು ಗುಟ್ಟು ಹೊರಬೀಳುತ್ತದೆ. "ಈ ಅವಧಿಗೆ ನನ್ನನ್ನು ಹಾಕಬೇಡಿ" ಎಂಬ ಒಂದು ಸಾಲಿನ ಅರ್ಜಿ ಸಾಕು, ಕಾರಣದ ಜಾಗವೇ ಅದರಲ್ಲಿ ಇರಬಾರದು.

ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್ 14416 ಇದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು.

ಲ್ಯಾಬ್_ರಾಣೇಬೆನ್ನೂರು

ಕಾರ್ಮಿಕ ಆರೋಗ್ಯ ಅವರ ಮಾತಿಗೆ ಲ್ಯಾಬ್ ಕಡೆಯಿಂದ ಒಂದು ತಿದ್ದುಪಡಿ. ಫಲಿತಾಂಶ ಒಬ್ಬ ವೈದ್ಯರ ಕೈಗೆ ಮಾತ್ರ ಹೋಗಬೇಕು ಅಂದ್ರ ಕಫದ ಡಬ್ಬಿ ಮ್ಯಾಲೂ, ಲ್ಯಾಬ್ ರಿಜಿಸ್ಟರಿನಾಗೂ ಯೋಚನೆ ಮಾಡಬೇಕು. ಹೆಸರಿನ ಜೋಡಿ "ಸ್ಟಾಫ್" ಅಂತ ಬರದು ಕಳಿಸ್ತಾರ, ಬೇಗ ಆಗಲಿ ಅಂತ. ಅದ ಗುಟ್ಟು ಬಿಡೂ ಜಾಗ. ನಿಕ್ಷಯ್ ಐಡಿ ಸಾಕು.

ಕಫ ಸರಿ ಇಲ್ಲದ್ದಕ್ಕ ಮತ್ತೊಮ್ಮೆ ಕರಸೋದು ಸಿಬ್ಬಂದಿಗೆ ಇನ್ನೂ ಮುಜುಗರ. ಮೊದಲ ಸಲನ ಸರಿ ಕೊಡ್ರಿ: ಬಾಯಿ ಬರೇ ನೀರಿಲೆ ಮುಕ್ಕಳಿಸಿ, ಎರಡು ಮೂರು ಸಲ ಆಳವಾಗಿ ಉಸಿರು ಎಳದು, ಎದಿಯಿಂದ ಕೆಮ್ಮಿ ಕನಿಷ್ಠ 2 ಮಿಲಿ, ಸಾಧ್ಯ ಆದ್ರ 5 ಮಿಲಿ. ಬಯಲಾಗ ಕೊಡ್ರಿ, ಸಂಡಾಸ ಖೋಲ್ಯಾಗ ಬ್ಯಾಡ, ಅಲ್ಲಿ ನಿಮ್ಮ ನಂತರ ಬಂದವರು ಆ ಗಾಳಿ ಉಸಿರಾಡ್ತಾರ. ಕಫ ಬರಲಿಲ್ಲಂದ್ರ ಮುಂಜಾನೆ ಎದ್ದ ಕೂಡಲೆ ಬರೋದನ್ನ ತರ್ರಿ.

ಹೊರಗ ಕಳಸೋದಿದ್ರ ಫಾಲ್ಕನ್ ಟ್ಯೂಬಿನ (ಕಫ ಹಾಕೋ ಕೊಳವಿ) ಮುಚ್ಚಳಾ ಬಿಗಿ ಮಾಡಿ ಸುತ್ತಲೂ ಟೇಪ್, ಹತ್ತಿ ಸುತ್ತಿ ಜಿಪ್ ಕವರ್, ಆಮ್ಯಾಲ ಜೆಲ್ ಪ್ಯಾಕ್ ಇಟ್ಟ ಥರ್ಮಾಕೋಲ್ ಡಬ್ಬಿ. ಫಾರ್ಮ್ ಜಿಪ್ ಕವರಿನ ಹೊರಗ ಇರಬೇಕು. ಒಳಗ ಇಟ್ಟು ಸೋರಿದ್ರ ಸ್ಯಾಂಪಲ್ ವಾಪಸ್ ಬರತೈತಿ, ಒಯ್ಯೋ ಹುಡುಗರು ಮುಂದಿನ ಸಲ ಡಬ್ಬಿ ಮುಟ್ಟೂದಿಲ್ಲ. ಅವರಿಗೂ ಈ ಪದರಗಳನ್ನ ಒಮ್ಮೆ ಬಿಚ್ಚಿ ತೋರಸ್ರಿ.

ನರ್ಸಿಂಗ್_ಹಾವೇರಿ

ಧಾರವಾಡದ ಸಿಸ್ಟರ್‌ಗೆ ಒಂದು ಸಣ್ಣ ಪ್ರಶ್ನೆ. ರಾತ್ರಿ ಕಿಟಕಿ ತಗದ್ರ ಸೊಳ್ಳಿ, ಜಾಳಗಿ ಹಾಕಿದ್ರ ಗಾಳಿ ಕಡಿಮಿ. ಎಕ್ಸಾಸ್ಟ್ ಫ್ಯಾನ್ ಎಷ್ಟು ದೊಡ್ಡದು ಬೇಕು?

ಸೋಂಕುನಿಯಂತ್ರಣ_ಧಾರವಾಡ

ಜಾಳಿಗೆ ಹಾಕಿ, ಫ್ಯಾನೂ ಹಾಕಿ. ಕೋಣೆಯ ಘನ ಮೀಟರನ್ನು 12ರಿಂದ ಗುಣಿಸಿ. 105 ಇದ್ದರೆ ಗಂಟೆಗೆ 1,260 ಘನ ಮೀಟರ್ ಗಾಳಿ ಹೊರಹೋಗಬೇಕು. ಫ್ಯಾನಿನ ಡಬ್ಬಿಯ ಮೇಲೆ ಈ ಸಂಖ್ಯೆ ಬರೆದಿರುತ್ತದೆ. ಗೋಡೆಗೆ ಕೂರಿಸಿ ಧೂಳು ಹಿಡಿದ ಮೇಲೆ ಅಷ್ಟು ಎಳೆಯುವುದಿಲ್ಲ, ಅದಕ್ಕೆ ಒಂದೂವರೆ ಪಟ್ಟು ಇರುವುದನ್ನೇ ತರಿಸಿ, ಇಲ್ಲವೇ ಎರಡು ಹಾಕಿ. ರೋಗಿಯ ತಲೆಯ ಕಡೆಯ ಗೋಡೆಯಲ್ಲಿ ಕೂರಿಸಿ, ಎದುರಿನ ಬಾಗಿಲ ಕೆಳಗೆ ಅಥವಾ ಕಿಟಕಿಯಲ್ಲಿ ಗಾಳಿ ಒಳಬರಲು ದಾರಿ ಬಿಡಿ. ಒಳಬರುವ ದಾರಿ ಇಲ್ಲದಿದ್ದರೆ ಫ್ಯಾನ್ ಸದ್ದು ಮಾಡುತ್ತದೆ ಅಷ್ಟೇ. ಅದರ ಬಾಯಿ ಕಾರಿಡಾರಿಗೆ, ರೋಗಿಗಳ ಮನೆಯವರು ಕೂರುವ ಕಟ್ಟೆಯ ಕಡೆಗೆ ತೆರೆಯಬಾರದು. ತಿಂಗಳಿಗೊಮ್ಮೆ ರೆಕ್ಕೆ ಒರೆಸಿ, ಒರೆಸಿದ ಮೇಲೆ ಊದಿನಕಡ್ಡಿ ಹಿಡಿದು ನೋಡಿ. ಫ್ಯಾನಿನ ಸ್ವಿಚ್ ಬೇರೆ ಇರಲಿ, ಲೈಟಿನ ಜೊತೆ ಸೇರಿಸಿದರೆ ಮಲಗುವಾಗ ಎರಡೂ ಬಂದ್ ಆಗುತ್ತವೆ.